ಮರದ ಜಗಲಿಯ ಮೇಲೆ ಕೆಂಡ

ಏಪ್ರಿಲ್ ೬, ಭಾನುವಾರ

ಹಲಗೆ ಸುಟ್ಟರೆ ಸುಡಲಿ, ಅಣ್ಣನ ಮುಖ ಕಣ್ಣಮುಂದಿನಿಂದ ಹೋಗುತ್ತಿಲ್ಲ.

ಮನೆ ಹಿಂದಿನ ಮರದ ಜಗಲಿಯ ಮೇಲೆ ಮುಚ್ಚಳದ ಇದ್ದಿಲ ಒಲೆಯಿಟ್ಟು ಹೊಗೆಯಲ್ಲಿ ಮೀನು ಬೇಯಿಸುತ್ತಿದ್ದ. ಕೆಳಗೆ ಕಲ್ಲು ಹಾಸು ಎಂದು ಬೆಳಿಗ್ಗೆಯೇ ಹೇಳಿದ್ದೆ.

"ಜೀವಮಾನವೆಲ್ಲ ಒಲೆ ಮುಂದೆ ನಿಂತವನು ನಾನು. ಮರ ಸುಟ್ರೆ ಮೂಗಿಗೆ ಬಡಿಯಲ್ವೇನೇ?" ಎಂದು ನಕ್ಕಿದ್ದ.

ಮಧ್ಯಾಹ್ನ ಅಡುಗೆಮನೆಯಲ್ಲಿದ್ದ ನನಗೆ ಬಣ್ಣ ಸುಡುವ ಘಾಟು ಬಂತು. ಓಡಿದೆ. ಒಲೆಯ ಗಾಳಿಕಿಂಡಿಯಿಂದ ಉದುರಿದ ಕೆಂಡ ಹಲಗೆಯನ್ನು ಕೊರೆಯುತ್ತಿತ್ತು. ಅಣ್ಣ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಆರಾಮವಾಗಿ ಕುಳಿತಿದ್ದ! ಬಕೆಟ್ ನೀರು ಸುರಿದೆ.

"ನಿಂಗೆ ವಾಸನೆ ಬರ್ಲಿಲ್ವಾ?"

ಅಣ್ಣ ಬಗ್ಗಿ ಸುಟ್ಟ ಹಲಗೆಯ ಮೇಲೆ ಬೆರಳಾಡಿಸಿದ. "ಹೋದ ವರ್ಷ ಆ ಜ್ವರ ಬಂತಲ್ಲ, ಆವಾಗಿಂದ ಯಾವ ವಾಸನೇನೂ ಇಲ್ಲ ಕಣೇ."

ಮಂಡಿನೋವೆಂದು ನೆಪ ಹೇಳಿ ಹೋಟೆಲಿನ ಅಡುಗೆ ಕೆಲಸ ಬಿಟ್ಟದ್ದೂ ಅದಕ್ಕೇ ಅಂತೆ. ಯಾರಿಗೂ ಹೇಳಿಲ್ಲ, ಅತ್ತಿಗೆಗೂ.

ಸಂಜೆ ಇಬ್ಬರೂ ಸೇರಿ ಇಟ್ಟಿಗೆ ಜೋಡಿಸಿ, ಗಾಳಿಯಾಡುವಂತೆ ಮೇಲೆ ಕಲ್ಲುಚಪ್ಪಡಿ ಹಾಕಿದೆವು. ಕೆಂಡ ಬೀಳುವಲ್ಲಿ ಮರಳು ತುಂಬಿದ ತಟ್ಟೆಯಿಟ್ಟೆವು. ಅವನು ಮತ್ತೆ ಒಲೆ ಹಚ್ಚಿ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡ.

"ಹೊಗೆ ಹೇಗಿದೆ ಹೇಳು. ಕಹಿ ಇದ್ಯಾ?"

"ಇಲ್ಲಣ್ಣ. ಸ್ವಲ್ಪ ಸಿಹಿ."

ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡ. "ಹಾಗಾದ್ರೆ ಮೀನು ಸರಿಯಾಗಿ ಬೇಯ್ತಿದೆ," ಅಂದ.

ನನ್ನ ಕೂದಲೆಲ್ಲ ಹೊಗೆ. ತೊಳೆದುಕೊಳ್ಳಲು ಯಾಕೋ ಮನಸ್ಸೇ ಬರುತ್ತಿಲ್ಲ.