ಅಪ್ಪನ ಕಾಲಿನ ಹೊಸ ಬೂಟು

ಅಪ್ಪನ ಅಂಗಡಿಯಿಂದ,
ಹತ್ತೊಂಬತ್ತನೇ ತಾರೀಕು, ಗುರುವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಎಡಗಾಲಿನ ನೋವು ಹೇಗಿದೆ? ಚಳಿ ಶುರುವಾದರೆ ಹಿಡಿದುಕೊಳ್ಳುತ್ತದೆ ಅಂದಿದ್ದೆ. ಬಿಸಿನೀರಿನ ಶಾಖ ಕೊಡುತ್ತಿದ್ದೀಯೋ, ಇಲ್ಲ ಯಥಾಪ್ರಕಾರ ಹಲ್ಲು ಕಚ್ಚಿಕೊಂಡು ಆ ಗೋದಾಮಿನಲ್ಲಿ ದಿನವಿಡೀ ನಿಂತೇ ಇರುತ್ತೀಯೋ? ಹೊತ್ತಿಗೆ ಸರಿಯಾಗಿ ಊಟ ಮಾಡು. ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಕಾಗದ ಶುರುಮಾಡುವ ಕ್ರಮವೇ ಹಾಗೆ. ಚೆನ್ನಾಗಿಲ್ಲ. ಅಪ್ಪ ಹೋಗಿ ಹದಿನೇಳು ದಿನವಾಯಿತು. ಬೆಳಗಾದರೆ ಯಾಕಾದರೂ ಬೆಳಗಾಯಿತೋ ಅನ್ನಿಸುತ್ತದೆ. ಅವರ ತಟ್ಟೆಯನ್ನೂ ತೊಳೆದು ಇಡುತ್ತೇನೆ, ಆಮೇಲೆ ಅದನ್ನೇ ನೋಡುತ್ತಾ ಕೂರುತ್ತೇನೆ.

ಅವತ್ತು ನೀನು ಪಕ್ಕದ ಅಂಗಡಿಗೆ ಫೋನ್ ಮಾಡಿದಾಗ ನಾನು ಸರಿಯಾಗಿ ಮಾತನಾಡಲಿಲ್ಲ. ಬಾಯಲ್ಲಿ ನಾಲ್ಕು ಗುಂಡಿ ಇಟ್ಟುಕೊಂಡೇ ಊರಿನ ಸುದ್ದಿಯೆಲ್ಲ ಹೇಳುವ ನಮ್ಮ ದರ್ಜಿ ಗುಂಡಿ ಮಾವ ಅವತ್ತು ಗುಂಡಿಗಳನ್ನು ಉಗಿದು, ಫೋನನ್ನು ನನ್ನ ಕೈಗೆ ಕೊಟ್ಟು ಹೊರಗೆ ಹೋಗಿ ನಿಂತರು. ನೀನು ಒಂದೇ ಮಾತು ಕೇಳಿದೆ. "ಕೊನೇಲಿ ನನ್ನ ಕರೆದ್ರಾ ಅಕ್ಕ? ಒಂದ್ಸಲ ಆದ್ರೂ? ಕರೆದಿದ್ರೆ ಹೇಳು, ಈಗಲೇ ಹೊರಡ್ತೀನಿ." ನಾನು ಫೋನ್ ಇಟ್ಟುಬಿಟ್ಟೆ. ಅದಕ್ಕೆ ಉತ್ತರ ಬರೆಯಲು ಇಷ್ಟು ದಿನ ಬೇಕಾಯಿತು. ಇಲ್ಲ ತಮ್ಮಾ, ಕರೆಯಲಿಲ್ಲ. ಕರೆದರು ಅಂತ ಒಂದು ಸುಳ್ಳು ಬರೆದಿದ್ದರೆ ನೀನು ನಾಳಿದ್ದೇ ಬಾಗಿಲಲ್ಲಿ ಇರುತ್ತಿದ್ದೆ. ಆದರೆ ಸುಳ್ಳು ಹೇಳಿದರೆ ನನ್ನ ಮೂಗು ಕೆಂಪಗಾಗುವುದು ನಿನಗೆ ಚಿಕ್ಕಂದಿನಿಂದ ಗೊತ್ತು. ಕಾಗದದಲ್ಲೂ ಕಂಡುಹಿಡಿದುಬಿಡುತ್ತೀಯ.

ಅವರಿಗೆ ಹೇಳಲು ಹೊತ್ತೂ ಇರಲಿಲ್ಲ. ಬೆಳಿಗ್ಗೆ ಹತ್ತು ಗಂಟೆ, ಮೇಷ್ಟ್ರ ಬೂಟನ್ನು ಮೊಣಕಾಲುಗಳ ನಡುವೆ ಇಟ್ಟುಕೊಂಡು ಅಟ್ಟೆಗೆ ಮೊಳೆ ಹೊಡೆಯುತ್ತಿದ್ದರಂತೆ. ಸುತ್ತಿಗೆ ಸದ್ದು ನಿಂತಿತು, ಮತ್ತೆ ಶುರುವಾಗಲಿಲ್ಲ ಅಂತ ಗುಂಡಿ ಮಾವ ಎದ್ದು ಬಂದು ನೋಡಿದರೆ ಗೋಡೆಗೆ ಒರಗಿ ಕೂತಿದ್ದರು. ತುಟಿಯ ನಡುವೆ ಇನ್ನೂ ಎರಡು ಮೊಳೆ ಇದ್ದವು. ನೀನು ಮನೆ ಬಿಟ್ಟ ಮೇಲಿನ ಒಂಬತ್ತು ವರ್ಷವೂ ಅವರು ಹಾಗೇ ಇದ್ದರಲ್ಲ. ನಿನ್ನ ಮಾತು ಎತ್ತಿದರೆ ಸಾಕು, ಡಬ್ಬಿಗೆ ಕೈಹಾಕಿ ಒಂದು ಹಿಡಿ ಮೊಳೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಬಾಯಲ್ಲಿ ಮೊಳೆ ಇರುವವರ ಹತ್ತಿರ ಜಗಳವಾಡುವುದಾದರೂ ಹೇಗೆ? ಒಬ್ಬರ ಬಾಯಲ್ಲಿ ಗುಂಡಿ, ಒಬ್ಬರ ಬಾಯಲ್ಲಿ ಮೊಳೆ, ನಮ್ಮ ಬೀದಿಯ ಗಂಡಸರ ಹಣೆಬರಹವೇ ಇಷ್ಟು. ನೀನೂ ಕಡಿಮೆಯವನಲ್ಲ. "ಊರೋರ ಕಾಲು ಹಿಡ್ಕೊಂಡು ಬದುಕೋದು ನನ್ನಿಂದಾಗಲ್ಲ" ಅಂತ ಮುಖಕ್ಕೆ ಹೊಡೆದ ಹಾಗೆ ಅಂದವನು ನೀನು. "ಹಾಗಾದ್ರೆ ಈ ಹೊಸಿಲು ತುಳೀಬೇಡ" ಅಂದವರು ಅವರು. ಅವರು ಕರೆಯಲಿ ಅಂತ ನೀನು, ನೀನು ಬರಲಿ ಅಂತ ಅವರು. ನಡುವೆ ಸಿಕ್ಕಿಕೊಂಡು ಒದ್ದಾಡಿದವಳು ನಾನು.

ಮೂರು ವರ್ಷದ ಹಿಂದೆ ನಿನ್ನ ಕಾಲಿನ ಮೇಲೆ ಪೆಟ್ಟಿಗೆ ಬಿದ್ದಾಗ ಆಸ್ಪತ್ರೆಗೆ ಬಂದಿದ್ದೆನಲ್ಲ, ಆಮೇಲೆ ನಿನ್ನ ಕೋಣೆಯಲ್ಲಿ ತಿಂಗಳೊಪ್ಪತ್ತು ಇದ್ದು, ಹೊರಡುವ ದಿನ ಬಸ್ಸು ತಪ್ಪೀತು ಅಂತ ಕತ್ತಲಲ್ಲಿ ನಿನ್ನ ಚಪ್ಪಲಿ ಮೆಟ್ಟಿಕೊಂಡು ಓಡಿದ್ದೆನಲ್ಲ, ನೆನಪಿದೆಯಾ? ಬೂಟು ಹೊಲಿಯುವವರ ಮಗಳಾಗಿ ನನ್ನ ಕಾಲಿನ ಚಪ್ಪಲಿ ನನ್ನದಲ್ಲ ಅಂತ ಗೊತ್ತಾದದ್ದು ಮನೆಗೆ ಬಂದ ಮೇಲೆ. ನೀನು ಅದಕ್ಕೆ ಎಷ್ಟು ದಿನ ನಕ್ಕೆ! ಅಂಚೆಯಲ್ಲಿ ಕಳಿಸೋಣ ಅಂತ ಬಾಗಿಲ ಮೂಲೆಯಲ್ಲಿ ಇಟ್ಟಿದ್ದೆ, ವಾರದೊಳಗೆ ಮಾಯವಾದವು. ಬೀದಿನಾಯಿ ಕಚ್ಚಿಕೊಂಡು ಹೋಯಿತು ಅಂದುಕೊಂಡು ಪಾಪದ ನಾಯಿಗೆ ಎರಡು ದಿನ ಅನ್ನ ಹಾಕಲಿಲ್ಲ. ನಿನ್ನಲ್ಲಿಂದ ಊರಿಗೆ ಬಂದವಳೇ ಅಪ್ಪನಿಗೆ ಕೇಳಿಸುವ ಹಾಗೆ ಗುಂಡಿ ಮಾವನಿಗೆ ಎಲ್ಲ ಹೇಳಿದೆ. ಮೂಳೆ ಕೂಡಿದೆ, ಆದರೆ ಕಾಲು ಅರ್ಧ ಬೆರಳಿನಷ್ಟು ಗಿಡ್ಡವಾಗಿದೆ, ಪಾದ ಅಗಲವಾಗಿ ಹರಡಿದೆ, ಕುಂಟುತ್ತಾನೆ ಅಂತ. ಅಪ್ಪ ತಲೆ ಎತ್ತಲಿಲ್ಲ. ತೊಗಲು ಕೊಯ್ಯುತ್ತಲೇ ಇದ್ದರು. ಕಲ್ಲಿನಂಥ ಮನುಷ್ಯ ಅಂತ ಅವತ್ತು ಮನಸ್ಸಿನಲ್ಲೇ ಬೈದೆ.

ಅವರನ್ನು ಕಳಿಸಿಕೊಟ್ಟ ದಿನದ್ದೂ ಬರೆಯುತ್ತೇನೆ, ನೀನು ನೋಡಲಿಲ್ಲವಲ್ಲ. ಊರಿಗೆಲ್ಲ ಬೂಟು ಹೊಲಿದುಕೊಟ್ಟ ಆ ಮನುಷ್ಯ ತನಗೆ ಅಂತ ಒಂದು ಜೊತೆ ಹೊಲಿದುಕೊಂಡವರಲ್ಲ. ಗಿರಾಕಿಗಳು ರಿಪೇರಿಗೆ ಕೊಟ್ಟು ಮರೆತು ಹೋದವನ್ನೇ ಹಾಕಿಕೊಂಡು ಓಡಾಡುತ್ತಿದ್ದರು. ಒಂದೊಂದು ಸಲ ಎಡಗಾಲಿನದು ಕಂದು, ಬಲಗಾಲಿನದು ಕಪ್ಪು. ಹೋಗುವಾಗಲಾದರೂ ಒಂದು ಒಳ್ಳೆ ಜೊತೆ ಹಾಕಿಕೊಂಡು ಹೋಗಲಿ ಅಂತ ನಾನು ಹಟ ಹಿಡಿದೆ. ಅಂಗಡಿಯ ಮೇಲಿನ ಹಲಗೆಯಲ್ಲಿ ಕಾಗದ ಸುತ್ತಿಟ್ಟ ಹೊಸ ಕಪ್ಪು ಬೂಟು ಸಿಕ್ಕಿತು. ಎಂಥ ಹೊಲಿಗೆ ಅಂತೀಯ! ಆದರೆ ಎಡಗಾಲಿನದು ಬಲಗಾಲಿನದಕ್ಕಿಂತ ಅಗಲ, ಅಟ್ಟೆಯೂ ದಪ್ಪ. ಈಚೆಗೆ ಅವರ ಕೈ ನಡುಗುತ್ತಿತ್ತು, ಕಣ್ಣು ಮಂಜಾಗಿತ್ತು, ಕೊನೆಗಾಲಕ್ಕೆ ಅಳತೆ ತಪ್ಪಿದೆ, ಗಿರಾಕಿಗೆ ಕೊಡಲು ನಾಚಿಕೆಯಾಗಿ ಮೇಲೆ ಎತ್ತಿಟ್ಟಿದ್ದಾರೆ ಅಂದುಕೊಂಡೆ. ಅಪ್ಪನ ಪುಟ್ಟ ಪಾದಕ್ಕೆ ಅವು ದೊಡ್ಡವಾದವು. ನನ್ನ ಹಳೆಯ ಸೀರೆ ಹರಿದು ಬೆರಳುಗಳ ಮುಂದೆ ತುರುಕಿ ಸರಿಮಾಡಿದೆ. ಲೇಸು ಬಿಗಿದು ಎರಡು ಗಂಟು ಹಾಕಿದೆ. ಹಾಗೇ ಮಣ್ಣು ಮಾಡಿದೆವು. ಮಗಳಾಗಿ ಅವರಿಗೆ ಇದೊಂದನ್ನಾದರೂ ಸರಿಯಾಗಿ ಮಾಡಿದೆ ಅಂತ ನನಗೊಂದು ಸಮಾಧಾನ.

ಈಗ ಅಂಗಡಿ ಖಾಲಿ ಮಾಡುತ್ತಿದ್ದೇವೆ. ಕಟ್ಟಡದವರಿಗೆ ತಿಂಗಳ ಕೊನೆಗೆ ಬಿಟ್ಟುಕೊಡಬೇಕು. ಗೋಡೆಗೆ ನೇತುಹಾಕಿದ, ಪಾದದಾಕಾರದ ಮರದ ಅಚ್ಚುಗಳನ್ನೆಲ್ಲ ಇಳಿಸಿದೆ. ಒಬ್ಬೊಬ್ಬ ಗಿರಾಕಿಯ ಕಾಲಿಗೂ ಒಂದೊಂದು ಜೊತೆ, ಪಾದ ಉಬ್ಬಿದ ಕಡೆ ತೊಗಲಿನ ಚೂರು ಅಂಟಿಸಿ, ಪೆನ್ಸಿಲಿನಲ್ಲಿ ಅಪ್ಪನ ಟಿಪ್ಪಣಿ. "ಮೇಷ್ಟ್ರು. ಕಿರುಬೆರಳು ಒತ್ತುತ್ತೆ, ಹೇಳಲ್ಲ." "ನರ್ಸಮ್ಮ. ದಿನಾ ನಿಲ್ಲೋ ಕೆಲಸ, ಮೆತ್ತಗಿರಲಿ." ಓದುತ್ತಾ ಓದುತ್ತಾ ಅತ್ತೆ. ಊರಿನವರ ಕಾಲಿನ ನೋವೆಲ್ಲ ಗೊತ್ತಿತ್ತು ಇವರಿಗೆ, ಸ್ವಂತ ಮಗನದು ಬಿಟ್ಟು. ಮೇಷ್ಟ್ರು ಬಂದು, ಅರ್ಧ ಮೊಳೆ ಹೊಡೆದ ತಮ್ಮ ಬೂಟನ್ನು ಹಾಗೇ ಎದೆಗೆ ಅವಚಿಕೊಂಡು ಹೋದರು. ಇನ್ನು ಕೂರುವ ಮಣೆಯ ಕೆಳಗಿನ ಪೆಟ್ಟಿಗೆ ಒಂದು ಬಾಕಿ. ಬೀಗದ ಕೈ ಸಿಕ್ಕಿಲ್ಲ. ಗುಂಡಿ ಮಾವ ಸಂಜೆ ಬಂದು ಒಡೆಯುತ್ತಾರಂತೆ. ಹಳೆ ತೊಗಲು ಬಿಟ್ಟರೆ ಮತ್ತೇನಿರುತ್ತದೆ?

ನಿನ್ನನ್ನು ಬಾ ಅಂತ ಒತ್ತಾಯ ಮಾಡುವ ಶಕ್ತಿಯೂ ನನಗಿಲ್ಲ. ಕರೆಯಬೇಕಾದವರು ಕರೆಯಲಿಲ್ಲ, ಕೇಳಬೇಕಾದವನಿಗೆ ಕೇಳಲಿಲ್ಲ. ಕಾಲು ಜೋಪಾನ. ಭಾರ ಎತ್ತಬೇಡ. ಎಲ್ಲೇ ಇರು, ನೂರು ಕಾಲ ಚೆನ್ನಾಗಿರು.

ಬೈಯುವುದಕ್ಕಾದರೂ ಉಳಿದಿರುವ ಒಬ್ಬಳೇ,
ನಿನ್ನ ಅಕ್ಕ

ಮತ್ತೆ: ಲಕೋಟೆ ಅಂಟಿಸುವ ಮೊದಲೇ ಗುಂಡಿ ಮಾವ ಬಂದು ಪೆಟ್ಟಿಗೆ ಒಡೆದರು. ಅಕ್ಷರ ಹೇಗಿದ್ದರೂ ಓದಿಕೋ. ಮೇಲೇ ನಿನ್ನ ಚಪ್ಪಲಿ ಇದ್ದವು ತಮ್ಮಾ, ನಾಯಿ ಒಯ್ದಿತು ಅಂದೆನಲ್ಲ, ಅವೇ. ಅವುಗಳ ಸವೆತ ನೋಡಿ ನಿನ್ನ ನಡಿಗೆ ತಿಳಿದುಕೊಂಡಿದ್ದಾರೆ. ಕೆಳಗೆ ಕಂದು ಕಾಗದದ ಮೇಲೆ ಎರಡು ಪಾದ ಬರೆದಿಟ್ಟಿದ್ದಾರೆ, ಅಳಿಸಿ ಅಳಿಸಿ ಎಡಗಾಲಿನ ಕಡೆ ಕಾಗದ ತೂತಾಗಿದೆ. ಅದರ ಕೆಳಗೆ ನೀನು ಹುಡುಗನಾಗಿದ್ದಾಗಿನ ನಿನ್ನ ಅಚ್ಚು. ಎಡಗಡೆಯದಕ್ಕೆ ಸುತ್ತ ಹೊಸ ತೊಗಲು ಅಂಟಿಸಿ ಅಗಲ ಮಾಡಿದ್ದಾರೆ. ಪೆನ್ಸಿಲಿನಲ್ಲಿ ಬರೆದಿದೆ: "ಮಗ. ಎಡಗಾಲು ಅರ್ಧ ಬೆರಳು ಗಿಡ್ಡ, ಅಟ್ಟೆ ಏರಿಸಿದೆ. ಬಂದ ಮೇಲೆ ತೊಡಿಸಿ ನೋಡಬೇಕು." ಅವರ ಅಳತೆ ತಪ್ಪಿರಲಿಲ್ಲ. ತಪ್ಪಿದವಳು ನಾನು. ನಿನ್ನ ಬೂಟನ್ನು ನನ್ನ ಕೈಯಾರೆ ಅವರ ಕಾಲಿಗೆ ಹಾಕಿ ಮಣ್ಣಿಗೆ ಕಳಿಸಿದೆ. ನನ್ನನ್ನು ಏನು ಬೇಕಾದರೂ ಅನ್ನು. ಆದರೆ ಮೇಲೆ ಬರೆದ ಉತ್ತರ ಹೊಡೆದುಹಾಕು. ಕರೆದಿದ್ದರು. ಪಾದ ಬರೆದ ಆ ಕಂದು ಕಾಗದ ಇಟ್ಟುಕೊಂಡಿದ್ದೇನೆ. ಬಂದು ಅದರ ಮೇಲೆ ಒಂದು ಸಲ ಕಾಲಿಡು, ಅಳತೆ ಸರಿಯಾಗಿತ್ತು ಅಂತ ಹೋಗಿ ಅವರಿಗೆ ಹೇಳಿ ಬರೋಣ.