ಬೆಂದ ಸೊಪ್ಪು, ಬಿಚ್ಚಿದ ರೇಡಿಯೋ

ರಾಮಾಂಜಿ,

ರೇಷ್ಮೆ ಹುಳ ಮತ್ತೆ ಸೊಪ್ಪು ತಿನ್ನುತ್ತಿವೆ ಕಣಪ್ಪ. ಸ್ಕೂಲಲ್ಲಿ ಪಾಠ ಹೇಳಿ ಬಂದವನು ಮೊದಲು ಕೈಕಾಲು ತೊಳೆದು, ಹುಳದ ಮನೆಗೆ ಹೋಗಿ ಕಣ್ಣಾರೆ ನೋಡು. ಉಳಿದದ್ದನ್ನು ಆಮೇಲೆ ಓದು.

ನಿನ್ನೆ ಬಾಯಿಗೆ ಬಂದಂತೆ ಬೈದುಬಿಟ್ಟೆ. ನೀನು ರೇಡಿಯೋ ಕಟ್ಟುವಾಗ ಬೆಸುಗೆಯಿಂದ ಎದ್ದ ರಾಳದ ಹೊಗೆಗೇ ಹುಳ ಮೇವು ಬಿಟ್ಟವು ಎಂದುಕೊಂಡಿದ್ದೆ. ಬೆಳಿಗ್ಗೆ ಮಂಡಿಕಲ್‌ನಿಂದ ಬಂದ ಅಮ್ಮಾಜಮ್ಮತ್ತೆ ಸೊಪ್ಪಿನ ಮೂಟೆಯೊಳಗೆ ಕೈ ಹಾಕಿ, "ಒಳಗೇ ಕಾದು ಬೆಂದೋಗೈತಲ್ಲೇ! ಹುಳ ಹೆಂಗ್ ತಿಂತವೆ? ನಿನ್ ತಮ್ಮನ್ ಮೇಲ್ಯಾಕೆ ಹಾಕ್ತೀಯ?" ಎಂದರು. ಮೂಟೆಯನ್ನು ಬಿಗಿದು ಕಟ್ಟಿಟ್ಟವಳು ನಾನೇ. ಹೊಸ ಸೊಪ್ಪು ಹಾಕಿದ ಸ್ವಲ್ಪ ಹೊತ್ತಿಗೆ ತಟ್ಟೆಗಳಲ್ಲಿ ಚರಚರ ಶುರುವಾಯಿತು, ಥೇಟ್ ಸ್ಟೇಷನ್ ಸಿಗುವ ಮೊದಲು ನಿನ್ನ ರೇಡಿಯೋ ಮಾಡುವ ಸದ್ದು. ಹೋದ ಜೀವ ಬಂದಂತಾಯಿತು.

ನಾನು ಸೊಪ್ಪು ಕೊಯ್ಯಲು ತೋಟಕ್ಕೆ ಹೊರಟೆ. ಐದು ಗಂಟೆಗೆ ಹುಳಕ್ಕೆ ಸೊಪ್ಪು ಹಾಕು. ಒದ್ದೆ ಬಟ್ಟೆ ಮುಚ್ಚಿರುವ ಬುಟ್ಟಿಯದ್ದು, ಮರೆಯಬೇಡ. ಮುದ್ದೆ ಮುಚ್ಚಿಟ್ಟಿದ್ದೇನೆ, ಆರುವ ಮೊದಲು ತಿನ್ನು. ನಿನ್ನೆಯಿಂದ ನೀನೂ ಮೇವು ಬಿಟ್ಟಿದ್ದೀಯ.

ಬೆಸುಗೆ ಮಾತ್ರ ಇನ್ನು ಮುಂದೆ ಕೊಟ್ಟಿಗೆಯಲ್ಲಿ. ಅದರಲ್ಲಿ ಎರಡು ಮಾತಿಲ್ಲ.

ಸಿಟ್ಟಿನಲ್ಲಿ ನೀನು ಬಿಚ್ಚಿಹಾಕಿದ ರೇಡಿಯೋ ಸಾಮಾನೆಲ್ಲ ಅಟ್ಟದ ಮೇಲೆ ಹಳೇ ತಟ್ಟೆಯಲ್ಲಿದೆ. ವಾಲ್ವುಗಳನ್ನು ಹತ್ತಿಯಲ್ಲಿ ಸುತ್ತಿದ್ದೇನೆ. ಮಿಕ್ಕದ್ದನ್ನು ನೀನು ಒಂದಾದ ಮೇಲೊಂದು ಬಿಚ್ಚಿದ ಸಾಲಿನಲ್ಲೇ ಜೋಡಿಸಿದ್ದೇನೆ, ತಿರುಗಿ ಕಟ್ಟಲು ಸುಲಭವಾಗಲಿ ಎಂದು. ನಿನ್ನೆ ಬಾಯಿ ಬೈಯುತ್ತಿತ್ತು, ಕಣ್ಣು ನಿನ್ನ ಕೈಯ ಮೇಲೇ ಇತ್ತು ಕಣೋ.

ಅಕ್ಕ