ಒಲೆ ಆರಿಸಿದವಳ ಕಥೆ

ರೂತ,

ನೀನು ತೀರಿಕೊಂಡು ಎರಡು ವರ್ಷವಾಯಿತು. ಈ ಪತ್ರ ಎಲ್ಲಿಗೂ ಹೋಗುವುದಿಲ್ಲ.

ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ನಾನು ಇಂಗ್ಲಿಷ್ ಪಾಠವನ್ನೂ ಕನ್ನಡದಲ್ಲೇ ವಿವರಿಸುತ್ತೇನೆ. ಹಾಸ್ಟೆಲಿನಲ್ಲಿ ನಾವಿಬ್ಬರೂ ಓದಿದ್ದ ಅಮೆರಿಕದ ಆ ಸಣ್ಣಕಥೆಯನ್ನು ಇವತ್ತು ತರಗತಿಯಲ್ಲಿ ಹೇಳಿದೆ. ರೈತನ ಹೆಂಡತಿ ಒಂದು ಬೆಳಿಗ್ಗೆ ಒಲೆ ಆರಿಸಿ ಸುಮ್ಮನೆ ಕೂತುಬಿಡುತ್ತಾಳಲ್ಲ, ಅದೇ.

"ಈ ಒಲಿ ಯಾವುದರ ಸಂಕೇತ?" ಎಂದು ಕೇಳಿದೆ. ಔರಾದಿನಿಂದ ಓದಲು ಬಂದಿರುವ ನಿನ್ನ ಮಗಳು ಎದ್ದು ನಿಂತಳು.

"ಮನ್ಯಾಗ ಎಲ್ಲಾರೂ ಆಕಿನ್ನೇ ಒಲಿ ಅಂದ್ಕೊಂಡಿದ್ರರಿ, ಟೀಚರ್. ತಾನು ಒಲಿ ಅಲ್ಲ ಅಂತ ಆಕಿ ತೋರಿಸ್ಯಾಳ."

ಅಂದು ನೀನು ಇದನ್ನೇ ಹೇಳಿದಾಗ ಮಿಷನ್ನಿನ ದೊರೆಸಾನಿ ನಿನ್ನನ್ನು ಅಪ್ಪಿಕೊಂಡಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ಮದುವೆಯಾಗಿ ನೀನು ಓದು ಬಿಟ್ಟೆ ಎಂದು ಕೇಳಿದ ದಿನ ನನಗೆ ಸಂತೋಷವಾಗಿತ್ತು.

"ತಪ್ಪು. ಕೂಡು," ಎಂದೆ.

ಗಂಟೆಯಾದ ಮೇಲೆ ಅವಳು ನನ್ನ ಹತ್ತಿರ ಬಂದಳು. "ಟೀಚರ್, ನೀವು ಅವ್ವನ ಸಂಗಡ ಓದಿದವರಲ್ರಿ, ಆಕಿಗಿ ಕಥಿ ಓದೋದು ಸೇರ್ತಿತ್ತೇನ್ರಿ?"

"ಇಲ್ಲ, ಆಕಿಗಿ ಸೇರ್ತಿರಲಿಲ್ಲ."

"ಹಂಗಾದ್ರ ನಾ ನಿಮ್ಮಂಗ ಆಗ್ತೇನ್ರಿ," ಎಂದಳು.

ನಾನು ಬೇಡ ಎನ್ನಲಿಲ್ಲ.

ಸಲೋಮಿ